ರಾತ್ರಿ ಪಾಳಿ

ನಮ್ಮ ತಿಪಟೂರು, ತುರುವೇಕೆರೆ ಕಡೆ ಬಾಣಂತನ ಮುಗಿಸಿ ಸೊಸೆ ತವರಿನಿಂದ ಬರುವುದು ಮೂರು ತಿಂಗಳಿಗೋ ಐದು ತಿಂಗಳಿಗೋ. ಕೂಸಿನ ನಿದ್ದೆ ಕೆಡುವುದೂ ಹೆಚ್ಚುಕಡಿಮೆ ಆಗಲೇ. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮಕ್ಕಳ ನಿದ್ದೆಯ ಬಗೆಯೇ ಬದಲಾಗುತ್ತದೆ; ಗಾಢವಾಗಿ ಒಂದಷ್ಟು ಹೊತ್ತು, ತೆಳುವಾಗಿ ಒಂದಷ್ಟು ಹೊತ್ತು. ತೆಳುವಾದಾಗ ಪೂರಾ ಎಚ್ಚರವಾಗಿ ರಾಗ ತೆಗೆಯುತ್ತವೆ. ಇದು ವಯಸ್ಸಿನ ಆಟ. ಅಪವಾದ ಮಾತ್ರ ಗಂಡನ ಮನೆಗೆ. "ನಮ್ಮಲ್ಲಿದ್ದಾಗ ಚೆನ್ನಾಗೇ ಮಲಗ್ತಿತ್ತಲ್ಲ" ಎಂದು ಬೀಗಿತ್ತಿ ಫೋನಿನಲ್ಲಿ ಅಂದದ್ದಕ್ಕೆ ನಮ್ಮ ಮನೆಯಾಕೆ ವಾರವಿಡೀ ಮುಖ ಊದಿಸಿಕೊಂಡಿದ್ದಳು.

ಮೊದಲ ಗುಮಾನಿ ಸದ್ದಿನ ಮೇಲೆ. ಅಂಗಳದಲ್ಲಿ ಆಳುಗಳು ಕಾಯಿ ಸುಲಿದು, ಮಚ್ಚಿನಿಂದ ಚಿಪ್ಪೊಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಆ ಟಕಟಕದ ನಡುವೆ ಮೊಮ್ಮಗಳು ಜೋಲಿಯಲ್ಲಿ ಬಾಯಿ ತೆರೆದು ಮಲಗಿರುತ್ತಿದ್ದಳು! ಊರೆಲ್ಲ ತಣ್ಣಗಾದ ಮೇಲೆ, ರಾತ್ರಿ ಎರಡಕ್ಕೆ ಕಣ್ಣು ಬಿಡುತ್ತಿದ್ದಳು. ಆಮೇಲೆ ದೃಷ್ಟಿ ತೆಗೆದದ್ದಾಯಿತು. ಸಾಂಬ್ರಾಣಿ ಹೊಗೆಯನ್ನು ಡಾಕ್ಟರು ಬೇಡವೆಂದರು. ಎಳೆ ಎದೆಗೆ ಹೊಗೆ ಆಗದು, ಸರಿಯೇ. ಒಂದು ರಾತ್ರಿ ನಾನು ಅಟ್ಟದಿಂದ ಒಣಗಿದ ಕಾಯಿಯೊಂದನ್ನು ತಂದು ಅವಳ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಲೊಟಲೊಟ ಎಂದಿತು. ಅಳು ನಿಂತಿತು, ನಿದ್ದೆಯೂ ಹೋಯಿತು. ಬೆಳಗಿನವರೆಗೂ ಅದೇ ಬೇಕು. ಆ ಕೊಬ್ಬರಿ ಬಿಡುವುದಕ್ಕೆ ಅಟ್ಟದ ಮೇಲೆ 11 ತಿಂಗಳು ಕಾಯುವ ನಾವು, ಕೂಸಿನ ನಿದ್ದೆ ನಾಳೆಯೇ ಸರಿಹೋಗಬೇಕೆನ್ನುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, 4ರಿಂದ 11 ತಿಂಗಳ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಲೆಕ್ಕ ಹಾಕಿದರೆ ನಮ್ಮ ಕೂಸಿಗೆ ಏನೂ ಕಮ್ಮಿಯಾಗಿರಲಿಲ್ಲ. ಕಮ್ಮಿಯಾದದ್ದು ಅದರ ತಾಯಿಗೆ. ಮದ್ದು ಮಾಡಬೇಕಾದದ್ದು ಅಲ್ಲಿ.

ಅದಕ್ಕೆ ನೆರವಾದದ್ದು ತ್ರೀ ಫೇಸ್ ಕರೆಂಟು. ರಾತ್ರಿ ಪಾಳಿ ಕೊಟ್ಟ ವಾರ ಮಗ ಮೋಟರ್ ಹಾಕಲು ಹೇಗೂ ಎರಡಕ್ಕೆ ಏಳುತ್ತಿದ್ದ. ತೋಟಕ್ಕೆ ನೀರು ತಿರುಗಿಸಿ ಬಂದು, ಕಾಲು ತೊಳೆದು, ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ. ಹಾಲು ಕೊಟ್ಟ ಸೊಸೆ ಬಾಗಿಲು ಮುಂದೆ ಮಾಡಿಕೊಂಡು ಬೆಳಗಿನವರೆಗೆ ಮಲಗುತ್ತಿದ್ದಳು. ಅವಳ ಮುಖಕ್ಕೆ ಕಳೆ ಬಂತು, ಮನೆಯಲ್ಲಿ ಜಗಳ ಇಳಿಯಿತು.

ಮುಂದಿನ ವಾರ ಕರೆಂಟು ಬದಲಾಯಿತು. ಎರಡಕ್ಕೆ ಕೂಸು ಎದ್ದಿತು. "ಈ ವಾರ ಹಗಲು ಪಾಳಿ ಕಣೇ" ಎಂದು ಮಗ ಮಗ್ಗುಲು ಬದಲಿಸಿದ.

"ಕೂಸಿಂದಿನ್ನೂ ರಾತ್ರಿ ಪಾಳಿನೇ ಕಣ್ರೀ, ಏಳಿ" ಎಂದಳು ಸೊಸೆ.