ಮೊರದ ಅಂಚಿನ ಕಾಯಿ

ಕಡಲೆಕಾಯಿಯನ್ನು ಸದ್ದಿಲ್ಲದೆ ಒಡೆಯಲು ಬರುವುದಿಲ್ಲ. ನಾಯಿ ಸಾಕಿದವರಿಗೆ ಇದರ ಕಷ್ಟ ಗೊತ್ತು. ಹಿತ್ತಿಲಲ್ಲಿ ಬಿಸಿಲು ಕಾಯುತ್ತ ಬಿದ್ದುಕೊಂಡಿದ್ದ ಪ್ರಾಣಿ, ನಡುಮನೆಯಲ್ಲಿ ಮೊದಲ ಸಿಪ್ಪೆ ‘ಟಪ್’ ಎಂದಿತೋ ಇಲ್ಲವೋ, ಎದುರಿಗೆ ಹಾಜರು. ಬಂದು ಕೂತ ಮೇಲೆ ಅದು ನಮ್ಮ ಮುಖ ನೋಡುವುದಿಲ್ಲ, ಕೈ ನೋಡುತ್ತದೆ. ಕೈ ಬಾಯಿಗೆ ಹೋದರೆ ಅದರ ಮೂತಿಯೂ ಮೇಲಕ್ಕೆ, ಕೈ ಮೊರಕ್ಕಿಳಿದರೆ ಮೂತಿಯೂ ಕೆಳಕ್ಕೆ. ಅಷ್ಟರಲ್ಲಿ ಬಾಯಂಚಿನ ಜೊಲ್ಲು ಎಳೆಯಾಗಿ ಇಳಿದು ನೆಲ ಮುಟ್ಟುವ ಹಂತಕ್ಕೆ ಬಂದಿರುತ್ತದೆ. ಇಷ್ಟಾದರೂ ಒಂದು ಬೀಜ ಎಸೆಯದೆ ತಿಂದು ಮುಗಿಸುವ ಗಟ್ಟಿ ಗುಂಡಿಗೆಯವರನ್ನು ನಾನಂತೂ ಕಂಡಿಲ್ಲ.

ಎಸೆಯಬಹುದೇ ಎಂದರೆ ಎಸೆಯಬಹುದು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟುಗಳ ಹಾಗೆ ಕಡಲೆಕಾಯಿ ನಾಯಿಗೆ ವಿಷವಲ್ಲ. ಯಾವುದನ್ನು ಎಸೆಯುತ್ತೇವೆ ಅನ್ನುವಲ್ಲಿದೆ ಗುಟ್ಟು.

ನಮ್ಮಮ್ಮ ಕಡಲೆಕಾಯಿ ಸುಲಿದು ಮೊರದಲ್ಲಿ ಆರಿಸುವುದನ್ನು ನೋಡಬೇಕು. ದುಂಡಗಿನ ಬೀಜವೆಲ್ಲ ಡಬ್ಬಿಗೆ. ಜೊಳ್ಳು, ಮುರುಟಿದ್ದು, ಕಪ್ಪಿಟ್ಟಿದ್ದು, ಮುಗ್ಗಲು ವಾಸನೆಯದು, ಒಳಗೆ ಹಸಿರು ಪುಡಿ ಹಿಡಿದದ್ದು, ಎಲ್ಲವೂ ಬೆರಳ ತುದಿಯಿಂದ ಮೊರದ ಅಂಚಿಗೆ. ಕೊನೆಗೆ ಆ ಅಂಚಿನ ರಾಶಿ ತೋರಿಸಿ, “ಬಿಸಾಕ್ಬೇಡ್ವೋ, ಕರಿಯನಿಗೆ ಹಾಕು” ಎನ್ನುತ್ತಾಳೆ. ಅವಳಿಗೆ ನಮ್ಮ ನಾಯಿ ಕರಿಯನ ಮೇಲೆ ಪ್ರೀತಿ ಕಡಿಮೆಯೇನಲ್ಲ. ಹಳಸಿದ ಅನ್ನ, ಒಡೆದ ಹಾಲು, ಮೂರು ದಿನದ ರೊಟ್ಟಿ ನಾಯಿಯ ಪಾಲು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಲೆಕ್ಕ. ಒಂದು ಕಾಳೂ ದಂಡವಾಗಬಾರದು ಎಂಬ ಗೃಹಿಣಿಯ ಲೆಕ್ಕವದು, ಅದರಲ್ಲಿ ಕ್ರೌರ್ಯವಿಲ್ಲ. ಆದರೆ ಕಡಲೆಕಾಯಿಯ ವಿಷಯಕ್ಕೆ ಬಂದರೆ ಈ ಲೆಕ್ಕ ತಲೆಕೆಳಗು. ಇಡೀ ಮೊರದಲ್ಲಿ ವಿಷವೆಂಬುದು ಇದ್ದರೆ ಅದು ಆ ಅಂಚಿನಲ್ಲೇ ಇರುವುದು ಹೆಚ್ಚು.

ಆಸ್ಪರ್ಜಿಲಸ್ ಎಂಬ ಬೂಸ್ಟು ಬೀಜಕ್ಕೆ ಹತ್ತಿ, ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಚಳ್ಳಕೆರೆ, ಪಾವಗಡದ ಕಡೆ ಮಳೆ ನಂಬಿ ಕಡಲೆಕಾಯಿ ಬಿತ್ತುವವರಿಗೆ ಗೊತ್ತಿರುವಂತೆ ಕಾಯಿ ಬಲಿಯುವ ಹೊತ್ತಿಗೇ ಮಳೆ ಕೈಕೊಡುವುದುಂಟು. ಹಾಗೆ ನೆಲದಲ್ಲೇ ಬಾಡಿದ ಕಾಯಿಯೊಳಕ್ಕೆ ಈ ಬೂಸ್ಟು ಸುಲಭವಾಗಿ ಹೊಗುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರಂತೂ ಕೇಳುವುದೇ ಬೇಡ. ಹುರಿದರೆ ಹೋಗುತ್ತದಲ್ಲ ಅಂದುಕೊಳ್ಳಬೇಡಿ. ಬೂಸ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಈ ವಿಷದ ಸುಳಿವು ಲೋಕಕ್ಕೆ ಸಿಕ್ಕಿದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣವೇ ತಿಳಿಯದೆ ಸತ್ತುಬಿದ್ದವು. ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯ ಬುಡಕ್ಕೆ ಬಂದು ನಿಂತಿತು. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೆರಿಕದಲ್ಲಿ ನಾಯಿಗಳು ಲಿವರ್ ಕೆಟ್ಟು ಸಾಯುತ್ತಿದ್ದವು. ಹೆಸರಿಡಲು ತಿಳಿಯದೆ ವೈದ್ಯರು ‘ಹೆಪಟೈಟಿಸ್ ಎಕ್ಸ್’ ಎಂದು ಕರೆದು ಕೈತೊಳೆದುಕೊಂಡಿದ್ದರು. ಅದೂ ಇದೇ ವಿಷದ ಕೆಲಸ ಎಂದು ಆಮೇಲೆ ತಿಳಿಯಿತು.

ನಮ್ಮ ದೇಶದ ಕತೆ ಇನ್ನೂ ಕೆಟ್ಟದ್ದು. 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳಕ್ಕೆ ಇದೇ ಬೂಸ್ಟು ಬಂತು. ಬೇರೆ ಕಾಳಿಲ್ಲದೆ ಜನ ಅದನ್ನೇ ಬೀಸಿ ರೊಟ್ಟಿ ತಟ್ಟಿದರು. ಕಾಮಾಲೆ ಹತ್ತಿ, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಮಾಲೆ, ಅದೇ ಹೊಟ್ಟೆ ಉಬ್ಬರ. ಅಲ್ಲಿ ನಾಯಿಗೆ ಬೇರೆ ಅಡುಗೆ ಎಲ್ಲಿಂದ ಬರಬೇಕು? ಯಜಮಾನ ಉಂಡದ್ದರಲ್ಲೇ ಅದಕ್ಕೊಂದು ತುಂಡು.

ಈಗ ಪೇಟೆಯ ಪ್ರೀತಿಗೆ ಬರೋಣ. ನನ್ನ ಅಣ್ಣನ ಮಗ ಜಿಮ್‌ಗೆ ಹೋಗುವವನು. ಅವನ ಬ್ಯಾಗಿನಲ್ಲಿ ಯಾವಾಗಲೂ ಪೀನಟ್ ಬಟರ್ ಡಬ್ಬಿ. ಅದರಲ್ಲೂ ‘ಶುಗರ್ ಫ್ರೀ’ ಆಗಬೇಕು, ದುಬಾರಿಯೂ ಆಗಬೇಕು. “ಚಿಕ್ಕಪ್ಪ, ಇದು ತುಂಬಾ ಹೆಲ್ದಿ, ಕರಿಯನಿಗೂ ಕೊಡ್ಲಾ?” ಎಂದು ಚಮಚ ಎತ್ತಿದ. ತಾಳು ಎಂದು ಡಬ್ಬಿ ಕಿತ್ತುಕೊಂಡು, ಕನ್ನಡಕ ಹುಡುಕಿ, ಆ ಸಾಸಿವೆ ಗಾತ್ರದ ಅಕ್ಷರಗಳನ್ನು ಓದಲು ಕೂತೆ.

ಹುಡುಕಬೇಕಾದದ್ದು ಒಂದೇ: ಕ್ಸೈಲಿಟಾಲ್. ಸಕ್ಕರೆಯ ಬದಲು ಹಾಕುವ ಸಿಹಿ. ಕೆಲವು ಡಬ್ಬಿಗಳ ಮೇಲೆ ‘ಬರ್ಚ್ ಶುಗರ್’ ಎಂಬ ವೇಷದಲ್ಲಿರುತ್ತದೆ, ಕೆಲವುಗಳ ಮೇಲೆ ಬರೀ 967 ಎಂಬ ಅಂಕಿಯಾಗಿ. ಮನುಷ್ಯರಿಗೆ ಇದರಿಂದ ಹೆಚ್ಚೆಂದರೆ ಹೊಟ್ಟೆ ಕೆಡಬಹುದು. ನಾಯಿಯ ದೇಹ ಮಾತ್ರ ಇದನ್ನು ನಿಜವಾದ ಸಕ್ಕರೆಯೆಂದೇ ನಂಬಿ ರಕ್ತಕ್ಕೆ ಇನ್ಸುಲಿನ್ ಸುರಿಸುತ್ತದೆ. ಬಾರದ ಸಕ್ಕರೆಗೆ ಬಂದ ಇನ್ಸುಲಿನ್, ರಕ್ತದಲ್ಲಿದ್ದ ಸಕ್ಕರೆಯನ್ನೂ ಬಳಿದುಕೊಂಡು ಹೋಗುತ್ತದೆ. ಬಹಳ ಸಲ ಅರ್ಧ-ಒಂದು ಗಂಟೆಯೊಳಗೇ ವಾಂತಿ, ತೂರಾಟ, ಆಮೇಲೆ ಫಿಟ್ಸ್. ಪ್ರಮಾಣ ಹೆಚ್ಚಾದರೆ ಲಿವರ್ರೇ ಹೋಗುತ್ತದೆ. 10 ಕಿಲೋ ತೂಗುವ ನಾಯಿಗೆ 1 ಗ್ರಾಂ ಕ್ಸೈಲಿಟಾಲ್ ಸಾಕು, ಅಪಾಯ ಶುರುವಾಗಲು. ತಿಂದದ್ದು ಗೊತ್ತಾದರೆ ಡಬ್ಬಿಯ ಸಮೇತ ಪಶುವೈದ್ಯರ ಹತ್ತಿರ ಓಡಬೇಕು. ಏನಾಗುತ್ತದೋ ನೋಡೋಣ ಎಂದು ಕಾಯುವಂತಿಲ್ಲ.

ಹುಡುಗನ ಡಬ್ಬಿಯಲ್ಲಿ 967 ಇರಲಿಲ್ಲ. ಕರಿಯನಿಗೆ ಕಾಲು ಚಮಚ ಸಿಕ್ಕಿತು. ಅಂಗಡಿಯಲ್ಲಿ ಕೊಳ್ಳುವಾಗ ನಾನು ಸಕ್ಕರೆ, ಉಪ್ಪು, ಕೋಕೋ ಯಾವುದೂ ಇಲ್ಲದ, ಬರೀ ಕಡಲೆಬೀಜ ಎಂದು ಬರೆದಿರುವುದನ್ನು ಆರಿಸುತ್ತೇನೆ. ಅದಕ್ಕಿಂತ ವಾಸಿ ಮನೆಯ ಮಿಕ್ಸಿ. ಹುರಿದು ಸಿಪ್ಪೆ ಉಜ್ಜಿದ ಬೀಜವನ್ನು ತಿರುಗಿಸುತ್ತ ಹೋದರೆ ಮೊದಲು ಪುಡಿ, ಆಮೇಲೆ ಮುದ್ದೆ, ಮಿಕ್ಸಿ ಬಿಸಿಯಾಗಿ ಇನ್ನೇನು ನಿಲ್ಲಿಸಬೇಕು ಎನ್ನುವಾಗ ತನ್ನ ಎಣ್ಣೆ ತಾನೇ ಬಿಟ್ಟು ಹೊಳೆಯುತ್ತದೆ. ಬೇರೆ ಏನೂ ಬೇಡ.

ಆ ಎಣ್ಣೆಯದೇ ಇನ್ನೊಂದು ರಗಳೆ. ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಕೆಲವು ನಾಯಿಗಳಿಗೆ ಜಿಡ್ಡು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ತಡೆಯಲಾಗದ ಹೊಟ್ಟೆನೋವು. 10 ಕಿಲೋ ತೂಗುವ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 500–600 ಕ್ಯಾಲೊರಿ. ಬಾಯಾಡಿಕೆ ಅದರ ಹತ್ತನೇ ಒಂದು ಪಾಲು ಮೀರಬಾರದು ಎನ್ನುತ್ತಾರೆ ವೈದ್ಯರು. ಪೀನಟ್ ಬಟರ್‌ನ ಒಂದು ದೊಡ್ಡ ಚಮಚದಲ್ಲೇ 90ಕ್ಕಿಂತ ಹೆಚ್ಚು ಕ್ಯಾಲೊರಿ ಇರುತ್ತದೆ. ಬೀಜವಾದರೆ ನಾಲ್ಕಾರು, ಅದೂ ಉಪ್ಪಿಲ್ಲದ್ದು. ಸಿಪ್ಪೆ ಬೇಡ; ಜೀರ್ಣವಾಗದ ನಾರು, ಸಣ್ಣ ನಾಯಿಗಾದರೆ ಕರುಳಿಗೆ ಅಡ್ಡ ಬೀಳಬಹುದು.

ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ನೋಡಿರಬಹುದು. ರಾಶಿಗಳ ನಡುವೆ ಬೀದಿನಾಯಿಗಳದೂ ಒಂದು ಪರಿಷೆ. ಜನ ಉಪ್ಪುನೀರಿನಲ್ಲಿ ಬೇಯಿಸಿದ ಕಾಯಿಯನ್ನು ಸಿಪ್ಪೆ ಸಮೇತ ಎಸೆಯುತ್ತಾರೆ. ಅನುಭವವಿರುವ ನಾಯಿ ಅದನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು, ಪಕ್ಕದ ಹಲ್ಲಿನಿಂದ ಸೀಳಿ, ಸಿಪ್ಪೆ ಉಗಿದು ಬೀಜ ತಿನ್ನುತ್ತದೆ. ಮನೆಯ ಸೋಫಾದ ಮೇಲೆ ಬೆಳೆದವಕ್ಕೆ ಈ ವಿದ್ಯೆ ಬಾರದು, ಇಡಿಯಾಗಿ ನುಂಗುತ್ತವೆ. ಮಸಾಲೆ ಕಡಲೆ, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಪುಡಿಯ ಮಾತೇ ಬೇಡ. ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಆಗದು.

ಪೀನಟ್ ಬಟರ್‌ನಿಂದ ಒಂದು ದೊಡ್ಡ ಉಪಕಾರವಿದೆಯೆಂದು ನಾಯಿ ಸಾಕುವವರೆಲ್ಲ ಹೇಳುತ್ತಾರೆ. ಗುಳಿಗೆಯನ್ನು ಅದರಲ್ಲಿ ಹುದುಗಿಸಿಟ್ಟರೆ ನಾಯಿಗೆ ತಿಳಿಯುವುದೇ ಇಲ್ಲವಂತೆ. ಜಂತುಹುಳುವಿನ ಮಾತ್ರೆಗೆ ನಾವೂ ಹಾಗೆಯೇ ಮಾಡಿದೆವು. ಕರಿಯ ಬಂದ, ಮೂಸಿದ, ನಿಧಾನವಾಗಿ ಸುತ್ತಲಿನದನ್ನೆಲ್ಲ ನೆಕ್ಕಿದ, ಮಾತ್ರೆಯನ್ನು ತೊಳೆದಿಟ್ಟಷ್ಟು ಚೊಕ್ಕಟವಾಗಿ ನೆಲದ ಮೇಲೆ ಬಿಟ್ಟು ಇನ್ನೊಂದು ಚಮಚಕ್ಕಾಗಿ ನನ್ನ ಕೈ ನೋಡಿದ.

ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಮುದ್ದೇಲಿಟ್ಟು ಕೊಡೋ. ಮುದ್ದೆ ಅಗಿಯೋರು ಯಾರಿದ್ದಾರೆ?”

ರಾಗಿಮುದ್ದೆಯ ಒಂದು ಪುಟ್ಟ ಉಂಡೆ. ಗುಳಕ್ಕನೆ ಹೋಯಿತು.