ಆಡುವುದು ಕನ್ನಡ, ತಿದ್ದುವುದು ತಮಿಳು, ಅಳೆಯುವುದು ಇಂಗ್ಲಿಷ್

ಇಂಗ್ಲಿಷನ್ನು ಹೆಚ್ಚುವರಿ ಭಾಷೆಯಾಗಿ ಕಲಿಯುವ ಮಗುವಿನ ಬರವಣಿಗೆ ಯಾವ ಮಟ್ಟದಲ್ಲಿದೆ ಎಂದು ಗೊತ್ತುಮಾಡುವ ಮೊದಲು ಎರಡು ಸಂಗತಿ ತಿಳಿದಿರಬೇಕು: ಮಗು ಮನೆಯಲ್ಲಿ ಆಡುವ ಭಾಷೆ ಯಾವುದು, ಓದುಬರಹ ಕಲಿತ ಭಾಷೆ ಯಾವುದು. ಬಹಳ ಕಡೆ ಎರಡಕ್ಕೂ ಉತ್ತರ ಒಂದೇ. ತಮಿಳುನಾಡಿನ ಕೋಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಹಾಗಲ್ಲ. ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕನ್ನಡ ಹೆಚ್ಚಾಗಿ ಬಾಯಿಮಾತಿನದು. ಮಕ್ಕಳು ಮೊದಲು ತಿದ್ದುವುದು ತಮಿಳು ಅಕ್ಷರವನ್ನು. ರಾಜ್ಯದ 2006ರ ಕಾಯ್ದೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಇಂಗ್ಲಿಷೂ ಒಂದನೇ ತರಗತಿಯಿಂದಲೇ ಶುರು. ಆಡುವ ಭಾಷೆಯನ್ನು ಬರೆಯದೆಯೇ ಬೇರೆ ಎರಡು ಭಾಷೆಗಳಲ್ಲಿ ಬರೆಯಬೇಕಾದ ಮಕ್ಕಳು ಇವರು.

ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿದ ‘ಎಣ್ಣುಂ ಎಳುತ್ತುಂ’ ಯೋಜನೆ ಪ್ರಾಥಮಿಕ ಶಾಲೆಯ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿಟ್ಟು ತಮಿಳು, ಇಂಗ್ಲಿಷ್, ಲೆಕ್ಕ ಕಲಿಸುತ್ತದೆ. ಮಗು ತರಗತಿಯ ಮಟ್ಟಕ್ಕಲ್ಲ, ತನ್ನ ಮಟ್ಟಕ್ಕೆ ತಕ್ಕ ಅಭ್ಯಾಸ ಮಾಡಬೇಕೆಂಬ ಈ ನೋಟ ಸರಿಯಾದದ್ದು. ಮಟ್ಟ ಅಳೆಯಲು ಬೇರೆ ಸಾಧನಗಳೂ ಇವೆ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾಸಾಮರ್ಥ್ಯದ ಚೌಕಟ್ಟಿನಲ್ಲಿ ಎ1ರಿಂದ ಸಿ2ವರೆಗೆ ಆರು ಮಟ್ಟಗಳಿವೆ. ಎ1ರಲ್ಲಿ ತನ್ನ ಬಗ್ಗೆ ಬಿಡಿ ವಾಕ್ಯ ಬರೆಯಬಲ್ಲವರು ಬಿ1ಕ್ಕೆ ಬರುವಾಗ ಪರಿಚಿತ ವಿಷಯದ ಮೇಲೆ ಒಂದಕ್ಕೊಂದು ಹೊಂದಿದ ವಾಕ್ಯಗಳನ್ನು ಬರೆಯುತ್ತಾರೆ. ಅದು ಮುಖ್ಯವಾಗಿ ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸಣ್ಣ ಮಕ್ಕಳಿಗೆ ಹಾಗೆಯೇ ಹಚ್ಚಲಾಗದು.

ನೇಕಾರರ ಮನೆಯ ಐದನೇ ತರಗತಿಯ ಮಗುವೊಂದು ಹೀಗೆ ಬರೆದಿದೆ ಎಂದಿಟ್ಟುಕೊಳ್ಳಬಹುದು: ‘ಮೈ ತಾತಾ ಸ್ಯಾರಿ ವೀವಿಂಗ್. ಐ ಥ್ರೆಡ್ ಗಿವ್. ರೈನ್ ಕಮ್, ಲೂಮ್ ಸ್ಟಾಪ್.’ ಕೆಂಪು ಶಾಯಿಗೆ ಇಲ್ಲಿ ಬಿಡುವಿಲ್ಲ. ಮೊದಲ ವಾಕ್ಯದಲ್ಲಿ ‘ಈಸ್’ ಇಲ್ಲ. ಎರಡನೆಯದು ‘ನಾನು ನೂಲು ಕೊಡ್ತೀನಿ’ ಎಂಬ ಮನೆಮಾತಿನ ಪದಕ್ರಮ. ಕ್ರಿಯಾಪದ ಕೊನೆಗೆ ಬರುವುದು ಕನ್ನಡಕ್ಕೂ ತಮಿಳಿಗೂ ಸಹಜ. ಮೂರನೆಯದೇ ಮುಖ್ಯ. ಮಳೆ ಬಂದರೆ ಮಗ್ಗ ನಿಲ್ಲುತ್ತದೆ ಎಂಬ ಕಾರಣ–ಪರಿಣಾಮವನ್ನು ಮಗು ಕೈಯಲ್ಲಿದ್ದ ನಾಲ್ಕೇ ಪದಗಳಲ್ಲಿ ಹೇಳಿದೆ. ‘ವೆನ್’ ಎಂಬ ಒಂದು ಪದ ಸಿಕ್ಕರೆ ಆ ಮಗು ಮುಂದಿನ ಹಂತಕ್ಕೆ ಕಾಲಿಡುತ್ತದೆ. ಬರಿಯ ತಪ್ಪು ಎಣಿಸಿ ಹತ್ತಕ್ಕೆ ಎರಡು ಕೊಟ್ಟರೆ ಇದು ಕಾಣುವುದಿಲ್ಲ.

ಆದ್ದರಿಂದ ಒಟ್ಟಾರೆ ಅಂಕಕ್ಕಿಂತ ಅಂಶವಾರು ಅಂಕ ಮೇಲು. ಹಾಲಿ ಜೇಕಬ್ಸ್ ಮತ್ತು ಸಂಗಡಿಗರು 1981ರಲ್ಲಿ ಇದಕ್ಕೊಂದು ಅಳತೆಪಟ್ಟಿ ಕೊಟ್ಟರು: ವಿಷಯಕ್ಕೆ 30, ಜೋಡಣೆಗೆ 20, ಪದಸಂಪತ್ತಿಗೆ 20, ಭಾಷಾಬಳಕೆಗೆ 25, ಕಾಗುಣಿತ–ಚಿಹ್ನೆಗಳಿಗೆ 5. ಅದು ಕಾಲೇಜು ಹಂತದ ಪ್ರಬಂಧಗಳಿಗೆ ಹೊಂದುವಂಥದ್ದು. ಆದರೂ ಕಾಗುಣಿತಕ್ಕೆ ನೂರರಲ್ಲಿ ಐದೇ ಅಂಕ ಎಂಬುದು ಪ್ರಾಥಮಿಕ ಶಾಲೆಯಲ್ಲೂ ನೆನಪಿಡಬೇಕಾದ ಮಾತು.

ಕಾಗುಣಿತದ ತಪ್ಪುಗಳಲ್ಲೂ ಬೇರೆಬೇರೆ ಬಗೆಗಳಿವೆ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗಗಳಿಗೂ ಹಾಗೆಯೇ. ‘ಬಾಬಿನ್’ ಎಂಬುದನ್ನು ಮಗು ‘ಬಿ’ ಬದಲು ‘ಪಿ’ ಹಾಕಿ ಬರೆದರೆ, ಅದಕ್ಕೆ ಆ ಎರಡು ದನಿಗಳ ವ್ಯತ್ಯಾಸವೇ ತಿಳಿಯದು ಎನ್ನುವಂತಿಲ್ಲ. ಮನೆಯಲ್ಲಿ ‘ಬಟ್ಟೆ’, ‘ಪಟ್ಟೆ’ ಬೇರೆಬೇರೆಯಾಗಿ ಕೇಳಿ ಬೆಳೆದ ಕಿವಿ ಅದು. ಪದಗಳನ್ನು ಗಟ್ಟಿಯಾಗಿ ಹೇಳಿ, ಹೇಳಿಸಿ ನೋಡಿದರೆ ಸಂಗತಿ ಕೂಡಲೇ ಗೊತ್ತಾಗುತ್ತದೆ. ಕಿವಿ ಸರಿಯಿದ್ದು ಅಕ್ಷರ ಮಾತ್ರ ತಪ್ಪಿದ್ದರೆ ತಿದ್ದುವುದು ಸುಲಭ. ಮಗುವಿನ ಕನ್ನಡ ಇಲ್ಲಿ ಶಿಕ್ಷಕರಿಗೆ ನೇರವಾಗಿ ನೆರವಾಗುತ್ತದೆ. ಅದನ್ನು ಅಡ್ಡಿ ಎಂದು ಕಾಣುವ ರೂಢಿ ಹೋಗಲೇಬೇಕು.

ಮಾದರಿ ಬರಹವನ್ನು ಆರಿಸುವಾಗಲೂ ಎಚ್ಚರ ಬೇಕು. ಕರಿಹಲಗೆ ನೋಡಿ ಬರೆದದ್ದು, ಗೈಡಿನಿಂದ ಬಾಯಿಪಾಠ ಮಾಡಿದ ಪ್ರಬಂಧ ಎಷ್ಟು ಅಂದವಾಗಿದ್ದರೂ ಮಟ್ಟ ತಿಳಿಸುವುದಿಲ್ಲ. ಚಿತ್ರ ನೋಡಿ ನಾಲ್ಕು ವಾಕ್ಯ, ಮನೆಯ ಕೆಲಸದ ಒಂದು ವಿವರಣೆ, ಗೆಳೆಯರಿಗೊಂದು ಚೀಟಿ, ಹೀಗೆ ಬೇರೆಬೇರೆ ದಿನಗಳಲ್ಲಿ ಬರೆಸಬೇಕು. ಅದೇ ವಿಷಯವನ್ನು ತಮಿಳಿನಲ್ಲಿ ಬರೆಸಿ, ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿಸಿದರೆ, ಕೊರತೆ ಇಂಗ್ಲಿಷಿನದೋ ಬರವಣಿಗೆಯದೋ ಎಂಬುದು ಬೇರ್ಪಡುತ್ತದೆ. ಮಗುವಿನ ಮನೆಮಾತು ಶಿಕ್ಷಕರಿಗೆ ಬಾರದಿದ್ದರೆ ಅಜ್ಜಿಯೋ ಅಕ್ಕನೋ ಜೊತೆಗಿರಬಹುದು.

ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದಂತೆ, ಸುತ್ತಲೂ ಇಂಗ್ಲಿಷೇ ಇರುವ ಕಡೆಯಲ್ಲೂ ಹೊಸ ಮಕ್ಕಳಿಗೆ ದಿನಬಳಕೆಯ ಮಾತು ಎರಡು ವರ್ಷಗಳಲ್ಲಿ ಕೈವಶವಾದರೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಸಿರುಮುಗೈ, ನೆಗಮಂನಂಥ ನೇಯ್ಗೆಯ ಊರುಗಳಲ್ಲಿ ಇಂಗ್ಲಿಷ್ ಹೆಚ್ಚಾಗಿ ಶಾಲೆಯ ಗಂಟೆಗಳಿಗಷ್ಟೇ ಸೇರಿದ್ದು. ಹಾಗಾಗಿ ಮಟ್ಟವನ್ನು ದಾಖಲಿಸುವ ಪುಸ್ತಕದಲ್ಲಿ ಹಂತದ ಹೆಸರಿನ ಜೊತೆಗೆ ಮನೆಮಾತು, ಇಂಗ್ಲಿಷ್ ಕಲಿತ ವರ್ಷಗಳು, ಮುಂದೆ ಕಲಿಸಬೇಕಾದ ಒಂದೆರಡು ಅಂಶ ಇವೂ ಇರಬೇಕು. ಕನ್ನಡದ ಮಗುವಿನ ಮನೆಮಾತನ್ನು ‘ತಮಿಳು’ ಎಂದು ಬರೆದರೆ ಮುಂದಿನ ತರಗತಿಯ ಶಿಕ್ಷಕರಿಗೆ ತಪ್ಪು ಮಾಹಿತಿ ಹೋಗುತ್ತದೆ.