ದಿಲ್ಲಿಯ ಭಾನುವಾರದ ಪುಸ್ತಕ ಸಂತೆ

ದಿಲ್ಲಿಯಲ್ಲಿರುವ ಮಗನ ಮನೆಗೆ ಹೋದಾಗಲೆಲ್ಲ ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುವುದೇ ನನ್ನ ಕೆಲಸ. ಕೆಂಪುಕೋಟೆ, ಕುತುಬ್ ಮಿನಾರ್ ಎಲ್ಲ ನೋಡಿಯಾಗಿದೆ. ಎಷ್ಟು ಸಲ ಹೋದರೂ ನೋಡಿ ಮುಗಿಯದ್ದು ಹಳೇ ಪುಸ್ತಕಗಳ ಸಂತೆಯೊಂದೇ. ಈ ಸಲ ಏಳನೇ ತರಗತಿಯ ಮೊಮ್ಮಗಳೂ ಜೊತೆಗೆ ಹೊರಟಳು. ನನಗೆ ಹಿಂದಿ ಬರುವುದು ಅಷ್ಟಕ್ಕಷ್ಟೆ. ಅವಳು ಹಿಂದಿಯಲ್ಲೇ ಜಗಳವಾಡಬಲ್ಲಳು. ಚೌಕಾಸಿಗೆ ಇರಲಿ ಎಂದು ಕರೆದುಕೊಂಡೆ.

ಮೆಟ್ರೋದಲ್ಲಿ ‘ದಿಲ್ಲಿ ಗೇಟ್’ ನಿಲ್ದಾಣದಲ್ಲಿ ಇಳಿದರೆ ಸಾಕು. ಶಾಜಹಾನ್ ಕಟ್ಟಿಸಿದ ಹಳೇ ನಗರದ ಬಾಗಿಲು ಅಲ್ಲೇ ರಸ್ತೆ ನಡುವೆ ನಿಂತಿದೆ, ಸುತ್ತ ವಾಹನಗಳ ಗದ್ದಲ. ಮೊದಲು ಈ ಸಂತೆ ಇಲ್ಲಿಂದ ಶುರುವಾಗಿ ದರಿಯಾಗಂಜ್‌ನ ಫುಟ್‌ಪಾತ್ ಉದ್ದಕ್ಕೂ ಹಾಸಿಕೊಂಡಿರುತ್ತಿತ್ತು. 1960ರ ದಶಕದಿಂದ ಹಾಗೇ ನಡೆದುಕೊಂಡು ಬಂದದ್ದು. 2019ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಫುಟ್‌ಪಾತ್ ಖಾಲಿಯಾಯಿತು. ಕೆಲವು ವಾರ ಸಂತೆಯೇ ಇರಲಿಲ್ಲ. ಆಮೇಲೆ ಅಸಫ್ ಅಲಿ ರಸ್ತೆಯಲ್ಲಿ, ಡಿಲೈಟ್ ಸಿನಿಮಾ ಮಂದಿರದ ಎದುರಿಗಿರುವ ಮಹಿಳಾ ಹಾಟ್ ಎಂಬ ಆವರಣದಲ್ಲಿ ಜಾಗ ಕೊಟ್ಟರು. ಈಗ ಇನ್ನೂರಕ್ಕೂ ಹೆಚ್ಚು ವ್ಯಾಪಾರಿಗಳು ಅಲ್ಲೇ ಪುಸ್ತಕ ಹರಡುತ್ತಾರೆ. ನನಗೇನೋ ಹಳೇ ಫುಟ್‌ಪಾತೇ ಚೆನ್ನಾಗಿತ್ತು ಅನಿಸುತ್ತದೆ. ಆದರೆ ಮಕ್ಕಳನ್ನು ಕೈ ಹಿಡಿದು ನಡೆಸುವವರಿಗೆ ಬಸ್ಸಿನ ಭಯವಿಲ್ಲದ ಈ ಜಾಗವೇ ಮೇಲು, ಒಪ್ಪಬೇಕು.

ಚಳಿಗಾಲದ ಬೆಳಗು. ವ್ಯಾಪಾರಿಗಳು ಶಾಲು ಹೊದ್ದು, ಕಡಲೇಕಾಯಿ ಬಿಡಿಸುತ್ತಾ ಬಿಸಿಲು ಕಾಯಿಸುತ್ತಿದ್ದರು. ಒಂದು ಕಡೆ ಪರೀಕ್ಷೆಯ ಗೈಡುಗಳ ಗುಡ್ಡ, ಇನ್ನೊಂದು ಕಡೆ ಕಾದಂಬರಿಗಳು, ಮಗದೊಂದು ಕಡೆ ತಕ್ಕಡಿಯಲ್ಲಿ ತೂಗಿ ಕೊಡುವ ಪುಸ್ತಕಗಳು. “ತಾತ, ಟೊಮ್ಯಾಟೊ ಥರ ಕೆಜಿ ಲೆಕ್ಕ!” ಎಂದು ಪುಟ್ಟಿ ನಕ್ಕಳು.

ನಾನು ಹುಡುಕುವುದು ರಾಜಕೀಯದ, ಹೊರದೇಶಗಳ ವ್ಯವಹಾರದ ಪುಸ್ತಕಗಳನ್ನು. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಇನ್ನೇನು ಚಟ ಇದ್ದೀತು? ಇಂಥ ಪುಸ್ತಕಗಳಿಗೆ ದಿಲ್ಲಿಯಂಥ ಊರು ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ರಾಯಭಾರ ಕಚೇರಿಗಳೆಲ್ಲ ಇರುವುದು ಇಲ್ಲಿ. ನಿವೃತ್ತ ಅಧಿಕಾರಿಗಳು, ಪ್ರೊಫೆಸರುಗಳು, ಪತ್ರಕರ್ತರು ಮನೆ ತುಂಬ ಪುಸ್ತಕ ಕೂಡಿಹಾಕುತ್ತಾರೆ. ಅವರು ತೀರಿಕೊಂಡ ಮೇಲೆ ಫ್ಲ್ಯಾಟು ಚಿಕ್ಕದೆಂದು ಮನೆಯವರು ರದ್ದಿಯವನನ್ನು ಕರೆಯುತ್ತಾರೆ. ಅಲ್ಲಿಂದ ಈ ಸಂತೆ ದೂರವಿಲ್ಲ. ಚೀನಾದಲ್ಲಿ ನಮ್ಮ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್ ಬರೆದ ‘ಇನ್ ಟು ಚೈನಾಸ್’, ಸೋವಿಯತ್ ದೇಶದಲ್ಲಿ ಒಂಬತ್ತು ವರ್ಷ ರಾಯಭಾರಿಯಾಗಿದ್ದ ಕೆ.ಪಿ.ಎಸ್. ಮೆನನ್ ಅವರ ಆತ್ಮಕಥೆ ‘ಮೆನಿ ವರ್ಲ್ಡ್ಸ್’, ಎರಡೂ ನನಗೆ ದಿಲ್ಲಿಯಲ್ಲೇ ಸಿಕ್ಕವು. ಎರಡೂ ಸೇರಿ ಒಂದು ಮಸಾಲೆ ದೋಸೆಯ ಬೆಲೆ.

ಪುಟ್ಟಿಗೆ ರಾಯಭಾರಿಗಳಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ರಟ್ಟು ಕಿತ್ತುಹೋದ ಒಂದು ಭೂಪಟದ ಪುಸ್ತಕ. ತೆರೆದು ನೋಡಿದವಳೇ, “ತಾತ, ಇದು ತಪ್ಪು ಪ್ರಿಂಟ್ ಆಗಿದೆ. ಕರ್ನಾಟಕದ ಜಾಗದಲ್ಲಿ ಮೈಸೂರು ಅಂತ ಇದೆ!” ಎಂದಳು.

ತಪ್ಪಲ್ಲ. ನಾವು ಅದೇ ಭೂಪಟ ನೋಡಿ ಬೆಳೆದವರು. 1956ರಲ್ಲಿ ಕನ್ನಡ ಮಾತಾಡುವ ಭಾಗಗಳೆಲ್ಲ ಒಂದಾದಾಗ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಹಾಗಾದರೆ ಈ ಪುಸ್ತಕ ಯಾವಾಗಿನದು? ಅಚ್ಚಾದ ವರ್ಷವಿರುವ ಹಾಳೆ ಹರಿದುಹೋಗಿತ್ತು. ಇಬ್ಬರೂ ಪತ್ತೇದಾರಿಕೆಗೆ ಕುಳಿತೆವು. ಕೊಡಗು ಮೈಸೂರಿನೊಳಗೇ ಇದೆ, ಆದ್ದರಿಂದ 1956ರ ಮೇಲಿನದು. ಬಾಂಗ್ಲಾದೇಶ ಇರಬೇಕಾದ ಕಡೆ ಪೂರ್ವ ಪಾಕಿಸ್ತಾನ ಎಂದಿದೆ, ಅಂದರೆ 1971ಕ್ಕಿಂತ ಹಿಂದಿನದು. ಶ್ರೀಲಂಕಾ ಇನ್ನೂ ಸಿಲೋನ್. ಜರ್ಮನಿ ಎರಡು, ಸೋವಿಯತ್ ಒಕ್ಕೂಟ ಒಂದೇ ದೊಡ್ಡ ಕಂಬಳಿಯ ಹಾಗೆ ಹಾಸಿಕೊಂಡಿದೆ. ಆಫ್ರಿಕಾದಲ್ಲಿ ಅಪ್ಪರ್ ವೋಲ್ಟಾ ಎಂಬ ದೇಶ ಕಂಡು ಪುಟ್ಟಿ ಹುಬ್ಬೇರಿಸಿದಳು. ಅದು 1984ರಲ್ಲಿ ಬುರ್ಕಿನಾ ಫಾಸೊ ಆಯಿತು. ಅಜ್ಜ ಅಜ್ಜಿಯರಿಗೆ ಒಂದು ಕಿವಿಮಾತು: ಮಳೆಗಾಲದ ಸಂಜೆ ಕರೆಂಟು ಹೋದಾಗ ಮೊಮ್ಮಕ್ಕಳ ಜೊತೆ ಆಡಲು ಹಳೇ ಭೂಪಟಕ್ಕಿಂತ ಒಳ್ಳೆಯ ಆಟಿಕೆ ಸಿಗದು.

ಮುಂದಿನ ಗುಡ್ಡದಲ್ಲಿ ಮಾಸ್ಕೋದಲ್ಲಿ ಅಚ್ಚಾದ ದಪ್ಪ ರಟ್ಟಿನ ಪುಸ್ತಕಗಳಿದ್ದವು. ನನ್ನ ವಯಸ್ಸಿನವರಿಗೆ ಅವುಗಳ ನೆನಪೇ ಬೇರೆ. ನಮ್ಮಲ್ಲಿಗೂ ನವಕರ್ನಾಟಕದ ಮೂಲಕ ಕನ್ನಡದಲ್ಲೇ ಸೋವಿಯತ್ ಪುಸ್ತಕಗಳು ಬರುತ್ತಿದ್ದವು, ಎರಡು ಮೂರು ರೂಪಾಯಿಗೆ ಬಣ್ಣದ ಚಿತ್ರಗಳ ಸಮೇತ. ಸೋವಿಯತ್ ಪತ್ರಿಕೆಯ ನುಣುಪು ಹಾಳೆಯಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದದ್ದು ನಿಮಗೂ ನೆನಪಿರಬಹುದು. ಪಕ್ಕದಲ್ಲೇ ಅಮೆರಿಕದ ನೆರವಿನಿಂದ ಅಗ್ಗದಲ್ಲಿ ಅಚ್ಚಾದ ಕಾಲೇಜು ಪುಸ್ತಕಗಳು. ಅದರ ಕೆಳಗೆ ಬ್ರಿಟಿಷ್ ಸರ್ಕಾರ ದುಡ್ಡು ತುಂಬಿಕೊಟ್ಟು ಕಡಿಮೆ ಬೆಲೆಗೆ ಮಾರಿಸುತ್ತಿದ್ದ ಇ.ಎಲ್.ಬಿ.ಎಸ್. ಪುಸ್ತಕಗಳು.

“ಅವರಿಗೇನು ಲಾಭ ತಾತ?” ಪುಟ್ಟಿ ಕೇಳಿದಳು.

ಒಳ್ಳೇ ಪ್ರಶ್ನೆ. ಎರಡನೇ ಮಹಾಯುದ್ಧದ ನಂತರ ಅಮೆರಿಕ, ಸೋವಿಯತ್ ಎರಡೂ ಗುಂಡು ಹಾರಿಸದೆ ಜಗಳ ಕಾಯುತ್ತಿದ್ದವು. ಭಾರತ ಯಾರ ಬಣಕ್ಕೂ ಸೇರದೆ ನಿಂತಿತ್ತು. ಆದ್ದರಿಂದ ಇಬ್ಬರಿಗೂ ನಮ್ಮ ಹುಡುಗರ ಮನಸ್ಸು ಗೆಲ್ಲುವ ಆಸೆ. ಪುಸ್ತಕಗಳಿಗೆ ಪೈಪೋಟಿ ಬಿತ್ತು. ಲಾಭವಾದದ್ದು ಓದುವವರಿಗೆ! ಇದಕ್ಕೆ ತದ್ವಿರುದ್ಧವಾದ ಕಥೆಯೂ ಒಂದಿದೆ. ಪಿ.ಎಲ್.-480 ಎಂಬ ಕಾನೂನಿನಡಿ ಅಮೆರಿಕ ನಮಗೆ ಗೋಧಿ ಕೊಡುತ್ತಿತ್ತು, ಹಣವನ್ನು ರೂಪಾಯಿಯಲ್ಲೇ ತೆಗೆದುಕೊಳ್ಳುತ್ತಿತ್ತು. ಆ ರೂಪಾಯಿಗಳನ್ನು ಅಲ್ಲಿಗೆ ಒಯ್ದು ಏನು ಮಾಡುವುದು? 1962ರಿಂದ ಅವರ ಲೈಬ್ರರಿ ಆಫ್ ಕಾಂಗ್ರೆಸ್‌ನವರು ದಿಲ್ಲಿಯಲ್ಲಿ ಕಚೇರಿ ತೆರೆದು, ಅದರಲ್ಲಿ ಒಂದು ಪಾಲನ್ನು ಖರ್ಚು ಮಾಡಿ ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸಿದರು. ಗೋಧಿಯ ದುಡ್ಡಿನಲ್ಲಿ ಕನ್ನಡ ಪುಸ್ತಕಗಳೂ ಹಡಗು ಹತ್ತಿದವು. ಶಾಲೆಯಲ್ಲಿ ಹಳದಿ ಉಪ್ಪಿಟ್ಟು ತಿಂದ ನಮಗೆ ಈ ವಿಷಯ ಆಗ ತಿಳಿದಿರಲಿಲ್ಲ.

ಇನ್ನು ಸಹಿಯ ವಿಷಯ. ಬರೆದವರೇ ಸಹಿ ಹಾಕಿದ ಪುಸ್ತಕಕ್ಕೆ ಬೆಲೆ ಹೆಚ್ಚು. ಆದರೆ ಮೋಸಹೋಗುವುದೂ ಅಷ್ಟೇ ಸುಲಭ. ಎಷ್ಟೋ ಪುಸ್ತಕಗಳಲ್ಲಿ ಸಹಿಯನ್ನೇ ಅಚ್ಚು ಹಾಕಿರುತ್ತಾರೆ. ನಾನು ಜೇಬಿನಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತೇನೆ. ನಿಜವಾದ ಪೆನ್ನಿನ ಗೆರೆ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಶಾಯಿ ಕಾಗದದ ಎಳೆಗಳಲ್ಲಿ ಸ್ವಲ್ಪ ಹರಡಿರುತ್ತದೆ. ಹಾಳೆ ತಿರುವಿ ಬೆರಳಾಡಿಸಿದರೆ ಒತ್ತಿದ ಗುರುತು ಸಿಗಬಹುದು. ಅಚ್ಚಿನ ಸಹಿ ಎಲ್ಲ ಕಡೆ ಒಂದೇ ಸಮ, ಸಪಾಟು. ಇನ್ನೊಂದು ನಿಯಮ: ಗ್ರಂಥಾಲಯದ ಮೊಹರಿದ್ದು, ಅದನ್ನು ರದ್ದು ಮಾಡಿದ ಮೊಹರಿಲ್ಲದಿದ್ದರೆ ಎಷ್ಟೇ ಚೆಂದದ ಪುಸ್ತಕವಾದರೂ ಅಲ್ಲೇ ಇಟ್ಟು ಬರುವುದು. ಯಾರೋ ವಾಪಸ್ ಕೊಡದೆ ಉಳಿಸಿಕೊಂಡದ್ದಿರಬಹುದು.

ಮೂಲೆಯ ಅಂಗಡಿಯ ಮುದುಕ ವ್ಯಾಪಾರಿ ಯಾವುದಾದರೂ ನೂರು ರೂಪಾಯಿ ಎಂದು ಕೂಗುತ್ತಿದ್ದ. ಅಲ್ಲಿ ನೀಲಿ ರಟ್ಟಿನ ಒಂದು ಪುಸ್ತಕ ತೆಗೆದೆ. ನಿವೃತ್ತ ರಾಯಭಾರಿಯೊಬ್ಬರ ನೆನಪುಗಳು. ಮೊದಲ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಗೆಳೆಯನೊಬ್ಬನಿಗೆ ಪ್ರೀತಿಯಿಂದ ಕೊಟ್ಟದ್ದೆಂದು ಬರೆದು, ಕೆಳಗೆ ಸಹಿ, 1968ರ ತಾರೀಕು. ಹೆಸರು ಇಲ್ಲಿ ಬರೆಯುವುದಿಲ್ಲ. ಕೊಟ್ಟವರು ಕೊಟ್ಟದ್ದನ್ನು ತೂಕಕ್ಕೆ ಹಾಕಿದರಲ್ಲ ಎಂದು ಯಾರಿಗಾದರೂ ಮುಜುಗರವಾದೀತು. ಭೂತಗನ್ನಡಿ ಹಿಡಿದೆ. ನಿಜವಾದ ಸಹಿಯೇ! ಎದೆ ಡವಡವ ಎಂದಿತು. ಮುಖದಲ್ಲಿ ಏನೂ ತೋರಿಸಬಾರದೆಂದು ಪುಸ್ತಕ ಮುಚ್ಚಿ, ಬೇಡದ ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡೆ.

“ತಾತ, ಅದರಲ್ಲಿ ಸಹಿ ಇದೆಯಲ್ಲ!” ಪುಟ್ಟಿ ಕೂಗಿದಳು.

“ಶ್! ಮೆಲ್ಲಗೆ” ಎಂದೆ.

“ಯಾಕೆ?”

“ಅವನಿಗೆ ಗೊತ್ತಾದರೆ ಬೆಲೆ ಏರಿಸುತ್ತಾನೆ.”

“ಕನ್ನಡದಲ್ಲಿ ಹೇಳಿದರೆ ಅವರಿಗೆ ಹೇಗೆ ಗೊತ್ತಾಗುತ್ತೆ?” ಎಂದಳು. ಆಮೇಲೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಅವರಿಗೆ ಗೊತ್ತಾಗಬಾರದಾ?” ಎಂದು ಕೇಳಿದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಲೆಕ್ಕದ ಮೇಷ್ಟ್ರನ್ನು ಕೇಳಿದ ಹಾಗೆ ಕೇಳಿದಳು, ಅಷ್ಟೆ.

ನನಗೆ ನಮ್ಮೂರಿನ ಜಗುಲಿ ಕಣ್ಣಿಗೆ ಬಂತು. ನನ್ನ ತಂದೆ ಹಳ್ಳಿ ಶಾಲೆಯ ಹೆಡ್‌ಮಾಸ್ಟರು. ಸಂಬಳದಲ್ಲಿ ಉಳಿಸಿ ಪುಸ್ತಕ ಕೊಳ್ಳುತ್ತಿದ್ದರು. ಮಿರ್ಜಾ ಇಸ್ಮಾಯಿಲರ ‘ಮೈ ಪಬ್ಲಿಕ್ ಲೈಫ್’, ನೆಹರೂ ಜೈಲಿನಿಂದ ಮಗಳಿಗೆ ಬರೆದ ಪತ್ರಗಳ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’, ಪೆಂಗ್ವಿನ್ನಿನವರ ನೀಲಿ ಪೆಲಿಕನ್ ಪುಸ್ತಕಗಳು. ಪೆಲಿಕನ್ ಮಾಲೆ 1937ರಲ್ಲಿ ಶುರುವಾದಾಗ ಅದರ ಸಂಪಾದಕರಲ್ಲಿ ವಿ.ಕೆ. ಕೃಷ್ಣ ಮೆನನ್ ಒಬ್ಬರಾಗಿದ್ದರು, ಮುಂದೆ 1957ರಲ್ಲಿ ಕಾಶ್ಮೀರದ ಬಗ್ಗೆ ವಿಶ್ವಸಂಸ್ಥೆಯಲ್ಲಿ ಸುಮಾರು ಎಂಟು ಗಂಟೆ ಮಾತಾಡಿದವರು ಅವರೇ ಎಂದು ತಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಪ್ರತಿ ಪುಸ್ತಕದ ಮೊದಲ ಹಾಳೆಯ ಬಲ ಮೂಲೆಯಲ್ಲಿ ತಮ್ಮ ಹೆಸರು, ಕೊಂಡ ಊರು, ತಾರೀಕು, ಎಲ್ಲವನ್ನೂ ಮುತ್ತಿನಂಥ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು.

ಅವರು ಹೋದ ಮರು ವರ್ಷ ನನಗೆ ವರ್ಗವಾಯಿತು. ಬಾಡಿಗೆ ಮನೆ, ಎಳೆ ಮಗು. ಬೀರುವಿಗೆ ಗೆದ್ದಲು ಬೇರೆ. ಹಳೇ ಪೇಪರಿನವನನ್ನು ಕರೆದು ಎರಡು ಗೋಣಿಚೀಲ ತೂಗಿಸಿಬಿಟ್ಟೆ. ಅವನು ಒಂದು ಪುಸ್ತಕ ತೆರೆದು, ಮೊದಲ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಅದನ್ನು ತಕ್ಕಡಿಗೆ ಹಾಕದೆ ಮೆಲ್ಲಗೆ ತನ್ನ ಚೀಲಕ್ಕೆ ಸೇರಿಸಿದ. ನಾನು ನೋಡಿದೆ, ಕೇಳಲಿಲ್ಲ. ಅದು ಯಾವ ಪುಸ್ತಕವೋ, ಒಳಗೆ ಯಾರ ಸಹಿ ಇತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಬಂದ ದುಡ್ಡಿನಲ್ಲಿ ಮಗುವಿಗೆ ಹಾಲಿನ ಪುಡಿ ತಂದೆ. ಆ ಮಗುವೇ ಈ ಪುಟ್ಟಿಯ ಅಪ್ಪ.

“ಪುಟ್ಟಿ, ಇದರಲ್ಲಿ ಬರೆದವರ ಸಹಿ ಇದೆ, ನೂರಕ್ಕಿಂತ ಹೆಚ್ಚು ಬೆಲೆ ಬಾಳುತ್ತೆ ಅಂತ ಅವರಿಗೆ ಹೇಳು” ಎಂದೆ. ಹೇಳುವಾಗ ನನಗೇನೂ ಸಂತೋಷವಾಗಲಿಲ್ಲ, ಸುಳ್ಳೇಕೆ?

ಅವಳು ಹೇಳಿದಳು. ಮುದುಕ ಕನ್ನಡಕ ಏರಿಸಿ ಹಾಳೆ ನೋಡಿ ನಗತೊಡಗಿದ. ಪುಟ್ಟಿಯೂ ನಕ್ಕು ಕನ್ನಡದಲ್ಲಿ ಹೇಳಿದಳು: “ತಾತ, ಚಾಚಾಗೆ ಗೊತ್ತಿತ್ತಂತೆ! ಇಂಥ ದೊಡ್ಡ ಸಾಹೇಬರ ಸಹಿ ವಾರಕ್ಕೆ ಎರಡು ಬರುತ್ತಂತೆ. ಸಾಹೇಬರೆಲ್ಲ ಪುಸ್ತಕ ಬರೆದು ಗೆಳೆಯರಿಗೆ ಹಂಚುತ್ತಾರಂತೆ, ಯಾರೂ ಓದಲ್ಲವಂತೆ. ನೆಹರೂ ಸಹಿ ಸಿಕ್ಕಿದರೆ ಆಗ ಬಾ, ಮಾತಾಡೋಣ ಅಂದರು.”

ನನ್ನ ಭೂತಗನ್ನಡಿಯ ಪಾಂಡಿತ್ಯವೆಲ್ಲ ಅಲ್ಲೇ ಇಳಿಯಿತು. ಮುದುಕ ಪುಸ್ತಕದ ಧೂಳು ಕೊಡವಿ, ಎಂಬತ್ತು ಸಾಕೆಂದು ಕೈಗಿಟ್ಟ. ಭೂಪಟಕ್ಕೆ ಐವತ್ತು ಕೊಟ್ಟಾಗಿತ್ತು. ಪುಟ್ಟಿಗೆ ಮಾತ್ರ ಅವನು ಒಂದು ಹಿಡಿ ಕಡಲೇಕಾಯಿ ಹೆಚ್ಚಿಗೆ ಕೊಟ್ಟ.

ವಾಪಸ್ ಬರುವಾಗ ಮೆಟ್ರೋದಲ್ಲಿ ಅವಳಿಗೆ ಮುತ್ತಜ್ಜನ ಪುಸ್ತಕಗಳ ಕಥೆ ಹೇಳಿದೆ, ಚೀಲಕ್ಕೆ ಹೋದ ಪುಸ್ತಕದ ಕಥೆಯನ್ನೂ. “ಅದಕ್ಕೇನಾ ನೀವು ಎಲ್ಲಾ ಪುಸ್ತಕದ ಮೊದಲ ಹಾಳೆ ನೋಡೋದು?” ಎಂದಳು. ಹೌದೆಂದೆ. ನಮ್ಮೂರಿನಲ್ಲಿ ತೂಗಿದ ಪುಸ್ತಕ ದಿಲ್ಲಿಗೆ ಬರುವುದು ಸಾಧ್ಯವೇ ಎಂದು ನೀವು ಕೇಳಬಹುದು. ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲೂ ಹುಡುಕಿದ್ದೇನೆ. ಎಲ್ಲಿ ಹೋದರೂ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ನಾನು ಊರಿಗೆ ಮರಳಿ ಎರಡು ತಿಂಗಳಾಯಿತು. ಪುಟ್ಟಿ ಈಗ ಅವರಪ್ಪನನ್ನು ಎಳೆದುಕೊಂಡು ಆ ಸಂತೆಗೆ ಹೋಗುತ್ತಾಳಂತೆ. ಅವಳಿಗೆ ಕನ್ನಡ ಓದಲು ಅಷ್ಟಾಗಿ ಬರುತ್ತಿರಲಿಲ್ಲ, ಮನೆಯಲ್ಲಿ ಮಾತಾಡುವುದಷ್ಟೇ. ಮೊನ್ನೆ ಫೋನಿನಲ್ಲಿ ಕೇಳಿದಳು: “ತಾತ, ಮುತ್ತಜ್ಜನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೀತಾರೆ? ದೊಡ್ಡದಾಗಿ ಬರೆದು ಫೋಟೋ ಕಳಿಸಿ. ಬಲಗಡೆ ಮೂಲೆ ಅಂದಿರಿ, ಅಲ್ವಾ?”